ನೆಮ್ಮದಿಗೊಂದು ಊರು: ತಿರುವನಂತಪುರ ಮತ್ತು ಕೊಚ್ಚಿಯ ದಿನಚರಿ

ನೆಮ್ಮದಿಗೆ ಮನಸ್ಸಿನಷ್ಟೇ ಊರೂ ಬೇಕು. ಕೈಗೆಟುಕುವ ಬೆಲೆಗೆ ಬಿಸಿ ಕಾಫಿ, ಓದಲು ಪತ್ರಿಕೆ, ಕಾಸು ಕೊಡದೆ ಕೂರಬಹುದಾದ ಮರದ ನೆರಳು, ಜ್ವರ ಬಂದರೆ ಹತ್ತಿರದಲ್ಲೊಂದು ಆಸ್ಪತ್ರೆ, ಸಂಜೆ ಮಾತಿಗೆ ನಾಲ್ಕು ಮಂದಿ: ಇಷ್ಟಿರುವ ಕಡೆ ಸಾಮಾನ್ಯ ಸಂಪಾದನೆಯವರ ದಿನವೂ ಹಗುರವಾಗಿ ಕಳೆಯುತ್ತದೆ. ಕೇರಳದ ಎರಡು ದೊಡ್ಡ ನಗರಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು.

ಸಂಪಾದನೆ ಏರಿದಷ್ಟೂ ತೃಪ್ತಿ ಏರುವುದಿಲ್ಲ ಎಂಬುದನ್ನು ವಿದ್ವಾಂಸರು ಬಹಳ ಹಿಂದೆಯೇ ಗಮನಿಸಿದ್ದಾರೆ. ಹೊಸ ಸುಖಕ್ಕೆ ಮನುಷ್ಯ ಬೇಗ ಒಗ್ಗಿಹೋಗಿ ಮತ್ತೊಂದಕ್ಕೆ ಹಂಬಲಿಸುತ್ತಾನೆಂದು ಮನಶ್ಶಾಸ್ತ್ರಜ್ಞರಾದ ಬ್ರಿಕ್‌ಮನ್ ಮತ್ತು ಕ್ಯಾಂಬೆಲ್ 1971ರಲ್ಲಿ ಬರೆದರು. ದೇಶದ ವರಮಾನ ಹೆಚ್ಚುತ್ತ ಹೋದರೂ ಜನರ ಸಂತೋಷ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲವೆಂದು ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ 1974ರಲ್ಲಿ ವಾದಿಸಿದರು. ಅದರ ಮರುವರ್ಷವೇ ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ವಿಶ್ವಸಂಸ್ಥೆಗಾಗಿ ಸಿದ್ಧಪಡಿಸಿದ ಅಧ್ಯಯನ ಹೊರಬಂತು. ತಲಾ ವರಮಾನ ಕಡಿಮೆಯಿದ್ದ ಕೇರಳದಲ್ಲಿ ಅಕ್ಷರ, ಆಯುಸ್ಸು, ಆರೋಗ್ಯ ಈ ಮೂರೂ ದೇಶದ ಉಳಿದ ಭಾಗಗಳಿಗಿಂತ ಮುಂದಿದ್ದುದನ್ನು ಅದು ತೋರಿಸಿತು. ಶಾಲೆ, ಪಡಿತರ, ಚಿಕಿತ್ಸೆ ಹಣವಿದ್ದವರ ಮನೆಯಂಗಳಕ್ಕೇ ಸೀಮಿತವಾಗದೆ ಎಲ್ಲರಿಗೂ ದಕ್ಕಿದ್ದು ಇದಕ್ಕೆ ಕಾರಣ. ನಾಳಿನ ಅನ್ನಕ್ಕೆ, ಮಗುವಿನ ಔಷಧಕ್ಕೆ ದಿಗಿಲು ಬೀಳುವ ಮನೆಗೆ ತೃಪ್ತಿಯ ಉಪದೇಶ ಮಾಡುವುದು ಕ್ರೌರ್ಯವೇ ಸರಿ.

ಆ ಅಧ್ಯಯನ ನಡೆಸಿದ ಸಂಸ್ಥೆಯ ಇಟ್ಟಿಗೆ ಕಟ್ಟಡಗಳನ್ನು ರೂಪಿಸಿದವರು ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ, ಗಾಂಧೀಜಿಯವರ ಪ್ರಭಾವಕ್ಕೆ ಒಳಗಾಗಿ ಭಾರತದಲ್ಲೇ ನೆಲೆನಿಂತು, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ವಾಸ್ತುಶಿಲ್ಪಿ ಅವರು. ಹತ್ತಿರದಲ್ಲಿ ಸಿಗುವ ಸಾಮಗ್ರಿ, ಗಿಲಾವು ಕಾಣದ ಗೋಡೆ, ಗಾಳಿ ಬೆಳಕು ಸೋಸುವ ಇಟ್ಟಿಗೆ ಜಾಲಂಧ್ರ ಇವುಗಳಿಂದ ಅವರು ಬಡವರಿಗೂ ಚೆಂದದ ಮನೆ ಕಟ್ಟಿಕೊಟ್ಟರು. ಅಗ್ಗವಾದದ್ದು ಕುರೂಪವಾಗಿಯೇ ಇರಬೇಕಿಲ್ಲ ಎಂಬುದು ಅವರ ಕೆಲಸದ ತಿರುಳು.

ತಿರುವನಂತಪುರದ ತಂಬಾನೂರಿನಲ್ಲಿ ರೈಲು ನಿಲ್ದಾಣ ಮತ್ತು ಬಸ್ ನಿಲ್ದಾಣದ ಪಕ್ಕದಲ್ಲೇ ನಿಂತಿರುವ ಇಂಡಿಯನ್ ಕಾಫಿ ಹೌಸ್ ಕೂಡ ಬೇಕರ್ ಅವರದೇ. ಕೆಂಪು ಗೋಪುರದಂಥ ಆ ಕಟ್ಟಡದಲ್ಲಿ ಮಹಡಿಗಳಿಲ್ಲ. ಒಂದೇ ಇಳಿಜಾರು ಸುರುಳಿಯಾಗಿ ಮೇಲೇರುತ್ತದೆ. ಹೊರಗೋಡೆಯ ಉದ್ದಕ್ಕೂ ಕಟ್ಟಿದ ಮೇಜು, ಆಸನಗಳಿವೆ. ಗೋಡೆಯ ಸಾಲುಕಿಂಡಿಗಳಿಂದ ಗಾಳಿ ಒಳಗೆ ಸುಳಿಯುತ್ತದೆ. ವಕೀಲರು, ಕೂಲಿಗಳು, ರೈಲು ಹಿಡಿಯಲು ಬಂದವರು, ಎಲ್ಲರೂ ಅದೇ ಸುರುಳಿಯಲ್ಲಿ ಕುಳಿತು ಬೀಟ್‌ರೂಟ್ ಹಾಕಿದ ಮಸಾಲೆ ದೋಸೆ ತಿನ್ನುತ್ತಾರೆ. ಬೀಸಣಿಗೆಯಂಥ ತುರಾಯಿಯ ಪೇಟ ತೊಟ್ಟು ಬಡಿಸುವವರ ಸಹಕಾರ ಸಂಘವೇ ಈ ಹೋಟೆಲನ್ನು ನಡೆಸುತ್ತದೆ. ಇದರ ಬೇರಿಗೆ ಬೆಂಗಳೂರಿನ ನಂಟೂ ಇದೆ. ಕಾಫಿ ಮಂಡಳಿಯು 1950ರ ದಶಕದಲ್ಲಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ, ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಬೆಂಬಲದಿಂದ ಕಾರ್ಮಿಕರು ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಮರುವರ್ಷ ತ್ರಿಶ್ಶೂರಿನಲ್ಲಿ ಕೇರಳದ ಮೊದಲ ಸಹಕಾರಿ ಕಾಫಿ ಹೌಸ್ ತೆರೆಯಿತು.

ತಿರುವನಂತಪುರದವರ ಪಾಲಿಗೆ ಇಂಥ ಜಾಗಗಳು ಇನ್ನೂ ಇವೆ. 1880ರಲ್ಲಿ ಪೂರ್ಣಗೊಂಡ ನೇಪಿಯರ್ ವಸ್ತುಸಂಗ್ರಹಾಲಯದ ಸುತ್ತಣ ತೋಟ ಬೆಳಗಿನ ನಡಿಗೆಯವರದ್ದು. ಪಾಳಯಂ ಬಳಿಯ ಸಾರ್ವಜನಿಕ ಗ್ರಂಥಾಲಯ 1829ರಷ್ಟು ಹಳೆಯದು. ಶಂಖುಮುಖಂ ಕಡಲತೀರದಲ್ಲಿ ಶಿಲ್ಪಿ ಕಾನಾಯಿ ಕುಞಿರಾಮನ್ ರೂಪಿಸಿದ ಮತ್ಸ್ಯಕನ್ಯೆಯ ಸುತ್ತ ಸಂಜೆ ಮಕ್ಕಳು ಆಡುತ್ತಾರೆ.

ಕೊಚ್ಚಿಯಲ್ಲಿ ದಿನವನ್ನು ಹಗುರ ಮಾಡುವ ಈ ಪಾತ್ರ ಹಿನ್ನೀರಿನದು. ಎರ್ನಾಕುಳಂ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಹೊರಡುವ ಸರ್ಕಾರಿ ದೋಣಿಯಲ್ಲಿ ಕೆಲಸಕ್ಕೆ ಹೋಗುವವರಿಗೂ ಗಾಳಿಯ ಸುಖ ಸಿಗುತ್ತದೆ. 2023ರ ಏಪ್ರಿಲ್‌ನಿಂದ ವಿದ್ಯುತ್ ದೋಣಿಗಳ ವಾಟರ್ ಮೆಟ್ರೋ ಹೈಕೋರ್ಟ್ ಮತ್ತು ವೈಪಿನ್ ನಡುವೆ, ವೈಟ್ಟಿಲ ಮತ್ತು ಕಾಕ್ಕನಾಡ್ ನಡುವೆ ಓಡತೊಡಗಿತು. ದಿನವೂ ತಪ್ಪದ ಪ್ರಯಾಣ ಹಿಂಸೆಯಾಗದಿದ್ದರೆ ಬದುಕಿನ ಅರ್ಧ ದಣಿವು ಕಡಿಮೆಯಾದಂತೆ.

ಇದೇ ನಗರದಲ್ಲಿ ಶ್ರೀ ಬಾಲಾಜಿ ಕಾಫಿ ಹೌಸ್ ಎಂಬ ಸಣ್ಣ ಅಂಗಡಿ ನಡೆಸುತ್ತಿದ್ದ ಕೆ. ಆರ್. ವಿಜಯನ್ ಮತ್ತು ಮೋಹನಾ ದಂಪತಿಯ ಬದುಕು ತೃಪ್ತಿಯ ಬಗ್ಗೆ ಬೇರೆಯದೇ ಪಾಠ ಹೇಳುತ್ತದೆ. ಚಹಾ ಮಾರಿ ದಿನಕ್ಕಿಷ್ಟು ಎತ್ತಿಟ್ಟು, ಸಾಲದಾಗ ಸಾಲ ಪಡೆದು ದೇಶ ಸುತ್ತುವುದು, ಮರಳಿ ಬಂದು ಅದೇ ಅಂಗಡಿಯಲ್ಲಿ ದುಡಿದು ಸಾಲ ತೀರಿಸುವುದು ಅವರ ರೂಢಿಯಾಗಿತ್ತು. ಹೀಗೆ ಇಪ್ಪತ್ತೈದಕ್ಕೂ ಹೆಚ್ಚು ದೇಶ ಕಂಡರು. 2021ರಲ್ಲಿ ರಷ್ಯಾ ನೋಡಿ ಬಂದ ಕೆಲವೇ ವಾರಗಳಲ್ಲಿ ವಿಜಯನ್ ತೀರಿಕೊಂಡರು. ತೃಪ್ತಿಯೆಂದರೆ ಆಸೆ ಬಿಡುವುದು ಎಂಬ ಹಳೆಯ ನಂಬಿಕೆಗೆ ಇವರ ಕಥೆ ಒಪ್ಪುವುದಿಲ್ಲ. ಇವರಿಗೆ ಆಸೆ ದೊಡ್ಡದಾಗಿಯೇ ಇತ್ತು. ಆದರೆ ಆ ಆಸೆಗಾಗಿ ಅಂಗಡಿಯ ದುಡಿಮೆಯನ್ನು ಹೀನವೆಂದು ಎಣಿಸಲಿಲ್ಲ. ಲೋಕ ಸುತ್ತಿ ಬಂದವರಿಗೆ ಒಲೆಯ ಮುಂದಿನ ಬೆಳಗೂ ಬೇಸರವೆನಿಸಲಿಲ್ಲ.

ಇಷ್ಟೆಲ್ಲ ಇದ್ದೂ ಕೇರಳ ನೆಮ್ಮದಿಯ ಸ್ವರ್ಗವಲ್ಲ. ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಬಹುಕಾಲದಿಂದ ರಾಷ್ಟ್ರೀಯ ಸರಾಸರಿಗಿಂತ ಹೆಚ್ಚು. ಓದಿದ ಮಕ್ಕಳು ಕೊಲ್ಲಿ ದೇಶಗಳಿಗೋ ಯೂರೋಪಿಗೋ ಹೊರಟುಹೋಗಿ, ದೊಡ್ಡ ಮನೆಗಳಲ್ಲಿ ವೃದ್ಧರಿಬ್ಬರೇ ಉಳಿಯುತ್ತಾರೆ. ಓದು ಆಸೆಯನ್ನು ಬೆಳೆಸಿತು, ಊರು ಅದಕ್ಕೆ ತಕ್ಕ ಉದ್ಯೋಗ ಕೊಡಲಿಲ್ಲ. ಆಸ್ಪತ್ರೆ ಆಯುಸ್ಸು ಹೆಚ್ಚಿಸಿತು. ಆ ವರ್ಷಗಳ ಒಂಟಿತನ ಹಂಚಿಕೊಳ್ಳುವವರು ಕಡಿಮೆಯಾದರು. ಈ ಕೊರತೆ ತುಂಬಲು ಕೆಲವು ಏರ್ಪಾಡುಗಳು ಬಂದಿವೆ. ನಗರಗಳಲ್ಲಿ 65 ವರ್ಷ ದಾಟಿದವರ ಬಳಿಗೇ ವೈದ್ಯರು ಬಂದು ಔಷಧ ಕೊಡುವ ‘ವಯೋಮಿತ್ರಂ’, ಹಗಲು ಹೊತ್ತು ವೃದ್ಧರು ಕೂಡಿ ಕಳೆಯುವ ‘ಪಗಲ್‌ವೀಡು’ಗಳು ಅಂಥವು. ತಿರುವನಂತಪುರದಲ್ಲಿ ಡಾ. ಎಂ. ಆರ್. ರಾಜಗೋಪಾಲ್ 2003ರಲ್ಲಿ ಸ್ಥಾಪಿಸಿದ ಪಾಲಿಯಂ ಇಂಡಿಯಾ, ವಾಸಿಯಾಗದ ಕಾಯಿಲೆಯವರ ಮನೆಗೇ ಹೋಗಿ ನೋವು ಶಮನ ಮಾಡುತ್ತದೆ. ರೋಗಿಯ ಜೊತೆಗೆ ಅವರನ್ನು ನೋಡಿಕೊಳ್ಳುವ ಮನೆಯವರ ಕಷ್ಟವನ್ನೂ ಕೇಳಿಸಿಕೊಳ್ಳುತ್ತದೆ.