ಚೌಕಾಕಾರದ ಬೀದಿ ಛಾಯಾಗ್ರಹಣ

ಉದ್ದ ಮತ್ತು ಅಗಲಗಳು ಸಮನಾಗಿರುವ ಚಿತ್ರಗಳಲ್ಲಿ ಸಾರ್ವಜನಿಕ ಸ್ಥಳಗಳ ಜನಜೀವನವನ್ನು ಇದ್ದದ್ದು ಇದ್ದಂತೆ ಸೆರೆಹಿಡಿಯುವ ಪದ್ಧತಿಯನ್ನು ಚೌಕಾಕಾರದ ಬೀದಿ ಛಾಯಾಗ್ರಹಣ ಎನ್ನುತ್ತಾರೆ. ಬೀದಿ ಛಾಯಾಗ್ರಹಣದಲ್ಲಿ ಹೆಚ್ಚು ಬಳಕೆಯಾದದ್ದು 35 ಮಿ.ಮೀ. ಫಿಲ್ಮಿನ ಆಯತಾಕಾರದ ಚಿತ್ರ. ಚೌಕವು ಬಂದದ್ದು ಜೋಡಿ ಮಸೂರದ ಕ್ಯಾಮೆರಾಗಳಿಂದ.

ಕ್ಯಾಮೆರಾದ ರಚನೆ

ಈ ಬಗೆಯ ಕ್ಯಾಮೆರಾಗಳಲ್ಲಿ ಪ್ರಸಿದ್ಧವಾದ ರೋಲಿಫ್ಲೆಕ್ಸ್ 1929ರಲ್ಲಿ ಜರ್ಮನಿಯಲ್ಲಿ ತಯಾರಾಯಿತು. ಕೆಳಗಿನ ಮಸೂರವು ಫಿಲ್ಮಿನ ಮೇಲೆ ಚಿತ್ರ ಮೂಡಿಸುತ್ತದೆ; ಮೇಲಿನ ಮಸೂರದ ಬೆಳಕು ಕನ್ನಡಿಯಲ್ಲಿ ಪ್ರತಿಫಲಿಸಿ ನೆತ್ತಿಯ ಮೇಲಿನ ಮಸುಕು ಗಾಜನ್ನು ತಲುಪುತ್ತದೆ. ಆ ಗಾಜನ್ನು ತಲೆಬಾಗಿಸಿ ನೋಡಬೇಕಾದ್ದರಿಂದ ಕ್ಯಾಮೆರಾವನ್ನು ಪಕ್ಕಕ್ಕೆ ಹೊರಳಿಸಿ ಬಳಸುವುದು ಕಷ್ಟ. ಚಿತ್ರವೇ ಚೌಕವಾಗಿದ್ದರೆ ಹೊರಳಿಸುವ ಅಗತ್ಯವಿಲ್ಲ. ಮುದ್ರಿಸುವಾಗ ಬೇಕಾದಂತೆ ಕತ್ತರಿಸಿಕೊಳ್ಳಬಹುದು. ಹೀಗೆ ಅನುಕೂಲಕ್ಕೆ ಒದಗಿದ ಆಕಾರವನ್ನು ಕೆಲವು ಛಾಯಾಗ್ರಾಹಕರು ಕತ್ತರಿಸದೆ ಹಾಗೆಯೇ ಉಳಿಸಿಕೊಂಡರು.

ಬೀದಿಯಲ್ಲಿ ಬಳಕೆ

ಗಾಜಿನ ಮೇಲಿನ ಬಿಂಬದಲ್ಲಿ ಎಡಬಲಗಳು ಅದಲುಬದಲಾಗಿರುತ್ತವೆ. ಎಡಗಡೆಯಿಂದ ಬರುವ ಸೈಕಲ್ ಸವಾರ ಬಲಗಡೆಯಿಂದ ಬರುವಂತೆ ಕಾಣುವುದರಿಂದ, ಚಲಿಸುವವರನ್ನು ಹಿಂಬಾಲಿಸುವುದು ಆರಂಭದಲ್ಲಿ ಗೊಂದಲ ಹುಟ್ಟಿಸುತ್ತದೆ. 120 ಫಿಲ್ಮಿನ ಒಂದು ಸುರುಳಿಯಲ್ಲಿ 6×6 ಸೆಂ.ಮೀ. ಅಳತೆಯ ಹನ್ನೆರಡು ಚಿತ್ರಗಳು ಮಾತ್ರ ಸಿಗುತ್ತವೆ. ಆದ್ದರಿಂದ ಒಳ್ಳೆಯ ಹಿನ್ನೆಲೆಯನ್ನು ಮೊದಲು ಆರಿಸಿ, ದೂರವನ್ನು ಹೊಂದಿಸಿಟ್ಟುಕೊಂಡು, ಜನರು ಅಲ್ಲಿಗೆ ಬರುವವರೆಗೆ ಕಾಯುವುದು ಫಲಕಾರಿ. ಕ್ಯಾಮೆರಾ ಸೊಂಟದ ಅಥವಾ ಎದೆಯ ಮಟ್ಟದಲ್ಲಿರುವುದರಿಂದ ನಿಂತ ವ್ಯಕ್ತಿ ಎತ್ತರವಾಗಿಯೂ ಮಕ್ಕಳು ಸಮಮಟ್ಟದಲ್ಲಿಯೂ ಕಾಣುತ್ತಾರೆ. ಆಯತವು ನೋಟವನ್ನು ಪಕ್ಕಕ್ಕೆ ಎಳೆದರೆ ಚೌಕಕ್ಕೆ ಅಂಥ ಒಲವಿಲ್ಲ. ಒಬ್ಬ ವ್ಯಕ್ತಿಯನ್ನು ನಟ್ಟನಡುವೆ ನಿಲ್ಲಿಸಿದರೂ ಚಿತ್ರ ಜಡವೆನಿಸುವುದಿಲ್ಲ. ಉದ್ದನೆಯ ಮೆರವಣಿಗೆಗೆ ಮಾತ್ರ ಈ ಆಕಾರ ಒಗ್ಗುವುದು ಅಪರೂಪ.

ತಲೆಬಾಗಿಸಿ ನಿಂತವರು ಚಿತ್ರ ತೆಗೆಯುತ್ತಿರುವುದು ಎಲ್ಲರಿಗೂ ತಿಳಿಯುವುದಿಲ್ಲ. ಸಹಜತೆಯ ಜೊತೆಗೆ ಒಪ್ಪಿಗೆಯ ಪ್ರಶ್ನೆಯೂ ಹುಟ್ಟುವುದು ಇಲ್ಲಿಯೇ. ಡಯೇನ್ ಆರ್ಬಸ್ 1960ರ ದಶಕದ ಆರಂಭದಲ್ಲಿ 35 ಮಿ.ಮೀ. ಕ್ಯಾಮೆರಾ ಬಿಟ್ಟು ಚೌಕಕ್ಕೆ ಬಂದರು. ಅವರ ಪ್ರಸಿದ್ಧ ಚಿತ್ರಗಳಲ್ಲಿ ಜನರು ಕ್ಯಾಮೆರಾವನ್ನೇ ದಿಟ್ಟಿಸುತ್ತಾರೆ. ಷಿಕಾಗೋದಲ್ಲಿ ಮಕ್ಕಳ ದಾದಿಯಾಗಿದ್ದ ವಿವಿಯನ್ ಮೇಯರ್ (1926–2009) ರೋಲಿಫ್ಲೆಕ್ಸ್ ಹಿಡಿದು ದಶಕಗಳ ಕಾಲ ಬೀದಿಗಳನ್ನು ಸುತ್ತಿದರು. ಅವರ ನೆಗೆಟಿವ್‌ಗಳು 2007ರಲ್ಲಿ ಹರಾಜಾದವು. ಖ್ಯಾತಿ ಬಂದದ್ದು ಮರಣಾನಂತರ. ಅಪರಿಚಿತರನ್ನು ಕೇಳದೆ ಸೆರೆಹಿಡಿದ ಅವರ ಚಿತ್ರಗಳೂ ಅವರನ್ನು ಕೇಳದೆಯೇ ಪ್ರಕಟವಾದವು.

2010ರಲ್ಲಿ ಆರಂಭವಾದ ಇನ್‌ಸ್ಟಾಗ್ರಾಮ್ 2015ರವರೆಗೆ ಚೌಕ ಚಿತ್ರಗಳನ್ನಷ್ಟೇ ತೋರಿಸುತ್ತಿತ್ತು. ಮೊಬೈಲ್‌ನಲ್ಲಿ ಅಭ್ಯಾಸ ಮಾಡುವವರು ಅಂಚುಗಳನ್ನು ಆಮೇಲೆ ಕತ್ತರಿಸುವ ಬದಲು ಮೊದಲೇ ಚೌಕವನ್ನು ಆಯ್ದುಕೊಂಡರೆ, ನಾಲ್ಕೂ ಮೂಲೆಗಳಲ್ಲಿ ಏನಿದೆ ಎಂಬುದನ್ನು ಚಿತ್ರ ತೆಗೆಯುವಾಗಲೇ ಗಮನಿಸಲು ಸಾಧ್ಯವಾಗುತ್ತದೆ.