ಸರ್ವರ್ ಸ್ಲೋ ಅಂದ್ರೆ ತಪ್ಪು ಯಾರದು?

‘ಸರ್ವರ್ ಸ್ಲೋ ಇದೆ, ಸ್ವಲ್ಪ ಕೂತ್ಕೊಳ್ಳಿ’ ಅಂತಾರೆ ಕೌಂಟರಿನವರು. ಮರುದಿನವೇ ಹೊಸ ಪ್ರೊಸೆಸರ್ ಖರೀದಿಗೆ ಕಡತ ಓಡುತ್ತದೆ. ಆದರೆ ಎಷ್ಟೋ ಸಲ ಇದ್ದ ಪ್ರೊಸೆಸರ್ರೇ ಖಾಲಿ ಕೂತಿರುತ್ತದೆ. ಅದೂ ನಮ್ಮ ಹಾಗೇ ಕಾಯುತ್ತಿರುತ್ತದೆ, ಡಿಸ್ಕಿಗಾಗಿ.

ನಿಮಿಷಕ್ಕೆ 7,200 ಸುತ್ತು ಹೊಡೆಯುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಹೆಡ್ ಸರಿಯುವ ಹೊತ್ತೂ ಸೇರಿದರೆ, ಅಲ್ಲೊಂದು ಇಲ್ಲೊಂದು ಬಿದ್ದಿರುವ ದಾಖಲೆಗಳನ್ನು ಸೆಕೆಂಡಿಗೆ ಸುಮಾರು ನೂರು ಸಲ ಓದಬಹುದು, ಅಷ್ಟೇ. ಸಾಲಾಗಿ ಇರೋದನ್ನು ಓದುವುದು ಸಲೀಸು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಲೆಕ್ಕ ಹತ್ತಾರು ಸಾವಿರಕ್ಕೆ ಏರುತ್ತದೆ. ಆದರೂ ಇಂಡೆಕ್ಸ್ ಹಾಕದೆ, ಒಂದು ಹೆಸರಿಗಾಗಿ ಕೋಟಿ ಸಾಲಿನ ಟೇಬಲ್ ಪೂರ್ತಿ ಓದಿಸಿದರೆ ಅದೂ ಸುಸ್ತು.

ಮೆಮೊರಿ ಹೆಚ್ಚಿಸಿದರೆ ಓದುವ ಹೊರೆ ಇಳಿಯುತ್ತದೆ. ಬರೆಯುವುದು ಹಾಗಲ್ಲ. ನೀವು ಕಟ್ಟಿದ ದುಡ್ಡು ‘ಜಮಾ ಆಯ್ತು’ ಅನ್ನುವ ಮುಂಚೆ ಅದರ ಲಾಗ್ ಡಿಸ್ಕಿಗೆ ಇಳಿದಿರಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಈ ಕಾಯುವಿಕೆ ತಪ್ಪಿಸೋಕೆ ‘ಎಫ್‌ಸಿಂಕ್’ ಆಫ್ ಮಾಡಿ, ವೇಗ ಹೆಚ್ಚಿಸಿದೆವು ಅನ್ನುವವರಿದ್ದಾರೆ. ಕರೆಂಟ್ ಹೋಗಿ ಸರ್ವರ್ ದಿಢೀರ್ ನಿಂತರೆ ನಿಮ್ಮ ರಸೀದಿಯೊಂದೇ ಅಲ್ಲ, ಇಡೀ ಡೇಟಾಬೇಸೇ ಕೆಡಬಹುದು.