ರಕ್ತಕ್ಷಯವೆಂದರೆ ಕ್ಷಯರೋಗವಲ್ಲ

ಅಕ್ಕಲಕೋಟ, ಜತ್ತ ಭಾಗದ ಕನ್ನಡ ಮನೆಗಳಲ್ಲಿ ಮಗಳ ಆರೋಗ್ಯ ಚೀಟಿಯ ಮೇಲೆ ಮರಾಠಿಯಲ್ಲಿ ‘ರಕ್ತಕ್ಷಯ’ ಎಂದಿದ್ದರೆ ಹಿರಿಯರು ಟಿ.ಬಿ. ಎಂದು ಗಾಬರಿಯಾಗಬಾರದು. ಇದು ಕನ್ನಡದ ರಕ್ತಹೀನತೆ, ಅಂದರೆ ಅನೀಮಿಯಾ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ‘ಲೋಹ’ ಎಂಬ ಮಾತೂ ಹಾಗೆಯೇ. ಕನ್ನಡದಲ್ಲಿ ತಾಮ್ರ, ಹಿತ್ತಾಳೆಯೂ ಲೋಹ. ಮರಾಠಿಯಲ್ಲಿ ಲೋಹವೆಂದರೆ ಕಬ್ಬಿಣ. ರಕ್ತಕ್ಕೆ ಬೇಕಾದದ್ದೂ ಇದೇ ಕಬ್ಬಿಣಾಂಶ.

ಹೆದರಬೇಕಾಗಿಲ್ಲ, ಆದರೆ ಅಲಕ್ಷ್ಯವೂ ಸಲ್ಲದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ, ಹುಡುಗರಲ್ಲಿ ಶೇ. 31 ಮಂದಿಗೆ ರಕ್ತಹೀನತೆಯಿದೆ. ಈ ವಯಸ್ಸಿನಲ್ಲಿ ಹಿಮೋಗ್ಲೋಬಿನ್ ಹುಡುಗಿಯರಿಗೆ 12 ಗ್ರಾಂ, ಹುಡುಗರಿಗೆ 13 ಗ್ರಾಂಗಿಂತ ಕಡಿಮೆ ಇರಬಾರದು. ಮೈ ಬೆಳೆಯುವ ಕಾಲವಾದ್ದರಿಂದ ಇಬ್ಬರಿಗೂ ಕಬ್ಬಿಣಾಂಶ ಹೆಚ್ಚು ಬೇಕು. ಹುಡುಗಿಯರಿಗೆ ಮುಟ್ಟಿನಲ್ಲಿ ಹೋಗುವ ರಕ್ತದ ಲೆಕ್ಕ ಬೇರೆ. ಸುಸ್ತು, ತಲೆಸುತ್ತು, ಏದುಸಿರು, ಪಾಠದಲ್ಲಿ ಮನಸ್ಸು ನಿಲ್ಲದಿರುವುದು, ಮಣ್ಣು ಅಥವಾ ಬಳಪ ತಿನ್ನುವ ಚಟ ಇದರ ಲಕ್ಷಣಗಳು. ಮನೆಯಲ್ಲಿ ಮಾತ್ರ ಇಂಥ ಹುಡುಗಿಗೆ ‘ಸೋಮಾರಿ’ ಎಂಬ ಹೆಸರು ಬಂದಿರುತ್ತದೆ.

ಜೋಳದ ರೊಟ್ಟಿ, ಕಾಳು, ಸೊಪ್ಪಿನಲ್ಲಿ ಕಬ್ಬಿಣಾಂಶ ಇದ್ದೇ ಇದೆ. ಆದರೆ ಅದರಲ್ಲಿ ಮೈಗೆ ಹತ್ತುವುದು ಸ್ವಲ್ಪವೇ. ಊಟದ ಜೊತೆ ಚಹಾ ಕುಡಿದರೆ ಅದೂ ಇನ್ನಷ್ಟು ಕಡಿಮೆಯಾಗುತ್ತದೆ. ಬೆಳಿಗ್ಗೆ ಚಹಾದಲ್ಲಿ ರೊಟ್ಟಿ ಅದ್ದಿ ತಿಂದು ಶಾಲೆಗೆ ಓಡುವ ಮಕ್ಕಳಿಗೆ ಆಗುವ ನಷ್ಟ ಇದೇ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ತಾಸು ಅಂತರವಿರಲಿ. ಮಡಿಕೆ, ಹೆಸರು ಕಾಳನ್ನು ಮೊಳಕೆ ಬರಿಸಿ, ಮೇಲೆ ಲಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಪೇರಲ, ನೆಲ್ಲಿಕಾಯಿಯೂ ಆದೀತು. ಮಾಂಸ, ಮೀನು ತಿನ್ನುವವರಿಗೆ ಇನ್ನೂ ಸುಲಭ. ಸೊಲ್ಲಾಪುರದ ದಾಳಿಂಬೆಗೆ ಒಳ್ಳೆಯ ಹೆಸರಿದೆ, ಆದರೆ ಬಣ್ಣ ಕೆಂಪಾದ ಮಾತ್ರಕ್ಕೆ ಅದು ರಕ್ತವಾಗುವುದಿಲ್ಲ. ಅದರಲ್ಲಿ ಕಬ್ಬಿಣಾಂಶ ತೀರ ಕಡಿಮೆ. ಸಾಲ ಮಾಡಿ ಕೊಳ್ಳಬೇಕಾಗಿಲ್ಲ.

ಸರಕಾರದ ಯೋಜನೆಯಲ್ಲಿ ಹರೆಯದ ಮಕ್ಕಳಿಗೆ ವಾರಕ್ಕೊಂದು ನೀಲಿ ಗುಳಿಗೆ ಉಚಿತ. ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ ಸಿಗುತ್ತದೆ. ಹಸಿದ ಹೊಟ್ಟೆಯಲ್ಲಿ ನುಂಗಿದರೆ ಕೆಲವರಿಗೆ ವಾಕರಿಕೆ ಬರುತ್ತದೆ. ಹೀಗಾದ ಮೇಲೆ ಗುಳಿಗೆ ಕಿಟಕಿಯಾಚೆ ಹೋಗುವುದೇ ಹೆಚ್ಚು. ಊಟವಾದ ನಂತರ ನೀರಿನೊಂದಿಗೆ ನುಂಗಬೇಕು, ಹಾಲು ಚಹಾದೊಂದಿಗಲ್ಲ. ಮಲ ಕಪ್ಪಾದರೆ ಹೆದರಬೇಕಿಲ್ಲ, ಅದು ಕಬ್ಬಿಣದ ಬಣ್ಣ. ಕೊಕ್ಕೆಹುಳು ಕರುಳಿನಲ್ಲಿ ರಕ್ತ ಹೀರುವುದರಿಂದ ವರ್ಷಕ್ಕೆರಡು ಸಲ ಕೊಡುವ ಜಂತುಹುಳದ ಮಾತ್ರೆಯನ್ನೂ ತಪ್ಪಿಸಬಾರದು.

ವಾರದ ಗುಳಿಗೆ ರಕ್ತಹೀನತೆ ಬಾರದಂತೆ ತಡೆಯಲು. ಈಗಾಗಲೇ ಇರುವವರಿಗೆ ವೈದ್ಯರು ದಿನವೂ ನುಂಗಲು ಕೊಡುತ್ತಾರೆ. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿದ್ದರೆ ತಡಮಾಡದೆ ಆಸ್ಪತ್ರೆಗೇ ಹೋಗಬೇಕು. ಸುಸ್ತು ಹೋಯಿತೆಂದು ತಿಂಗಳಿಗೇ ಗುಳಿಗೆ ಬಿಡುವವರು ಬಹಳ. ಮೈಯಲ್ಲಿ ಕಬ್ಬಿಣದ ಸಂಗ್ರಹ ತುಂಬಲು ಮೂರು ತಿಂಗಳಾದರೂ ಬೇಕು. ಆಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ ವೈದ್ಯರು ಹೇಳಿದ ಮೇಲಷ್ಟೇ ನಿಲ್ಲಿಸಬೇಕು.